ಎಡಗಣ್ಣಿಗೆ ಒತ್ತಿದ ಸೆರಗು

ಬಬಲೇಶ್ವರದಾಗ ನಮ್ಮ ಗೋಡಿಗೆ ಹತ್ತಿದ ಮನ್ಯಾಗ ಒಬ್ಬ ಹಾಡುವ ಹುಡುಗಿ ಇದ್ದಳು. ಯೂಟ್ಯೂಬಿನಾಗ ಆಕಿ ಹೊಸಾ ಹಾಡು ಬಿಟ್ಟರ ಸಾಕು, ಕನಮಡಿ ಕಡೆ ಹೋಗೋ ಜೀಪಿನಾಗೂ ಅದ ಹಾಡು. ಮುಂದ ನಾಟಕದಾಗ ಪಾರ್ಟು ಮಾಡಾಕ ಹತ್ತಿದಳು. ಅವತ್ತಿಂದ ಆಕಿ ಮ್ಯಾಲಿನ ನನ್ನ ನಂಬಿಕಿ ಹೋತು.

ಆಕಿ ಜ್ವರ ಅಂತ ಮಲಗಿದರೂ ನಾ ಹಣಿ ಮುಟ್ಟಿ ನೋಡ್ತಿದ್ದೆ. "ಖರೇ ಐತ್ರಿ ಕಾಕು, ನಟನಾ ಅಲ್ರಿ," ಅಂತ ನಗ್ತಿದ್ದಳು. ಯಾವ ಮಾತಿಗೂ ಇದೊಂದು ಬಾಲ. ಕಳ್ಳಿ ಅಲ್ಲದಾಕಿ 'ನಾ ಕಳ್ಳಿ ಅಲ್ಲ' ಅನಕೋತ ಯಾಕ ತಿರುಗ್ತಾಳ?

ಒಮ್ಮೆ ತಿಕೋಟಾಕ್ಕ ಹೋಗಿ ಆಕಿ ನಾಟಕ ನೋಡಿದೆ. ಗಂಡ ಸತ್ತ ಸೀನಿನಾಗ ಆಕಿ ಬಾಯಿ ಬಡಕೊಳ್ಳಲಿಲ್ಲ. ಸೆರಗಿನ ಚುಂಗು ಎಡಗಣ್ಣಿಗಷ್ಟ ಒತ್ತಿ ಹಿಡಿದು, ಬಲಗಣ್ಣಿನ ನೀರು ಹಂಗ ಇಳಿಯಾಕ ಬಿಟ್ಟಳು. ಮಂದಿ ಎಲ್ಲಾ ಅತ್ತರು. ಯಾರು ಕಲಿಸಿದರೋ, ಚಲೋ ಕಲ್ತಾಳ ಅನಕೊಂಡೆ.

ಮುಂದ ಸ್ವಲ್ಪ ದಿನಕ್ಕ ಆಕಿ ಅಪ್ಪ ತೀರಿಕೊಂಡ. ಆಕಿ ಹೆಣದ ಮುಂದ ಕುಂತಾಗ ಮತ್ತ ಅದ ಸೆರಗು, ಅದ ಎಡಗಣ್ಣು! ನನ್ನ ಮೈ ಉರೀತು. 'ಅಪ್ಪನ ಮುಂದೂ ಪಾರ್ಟೇನ ನಿಂದು?' ಅನ್ನೂದು ತುಟಿ ತನಕ ಬಂದಿತ್ತು. ಆಕಿ ನನ್ನ ನೋಡಿದಳು. ಆ ದಿನ ಮಾತ್ರ 'ಖರೇ ಐತ್ರಿ' ಅನ್ನಲಿಲ್ಲ.

ನಾ ಮಾರಿ ತಿರುವಿದೆ. ಮೂಲ್ಯಾಗ ಆಕಿ ಅವ್ವ ಕುಂತಿದ್ದಳು, ಜನ್ಮದಾಗ ಒಂದೂ ನಾಟಕ ನೋಡದಾಕಿ. ಸೆರಗಿನ ಚುಂಗು ಎಡಗಣ್ಣಿಗೆ ಒತ್ತಿ ಹಿಡಿದಿದ್ದಳು. ಬಲಗಣ್ಣು ಸುರೀತಿತ್ತು.

ಹಂಗಾದ್ರ ತಿಕೋಟಾದಾಗ, ಅಷ್ಟು ಮಂದಿ ಮುಂದ, ಆ ಹುಡುಗಿ ಖರೇನ ಅತ್ತಿದ್ದಳೇನು? ಈಗ ನನಗ ಆ ಸಂಶೇ ಹತ್ತೈತಿ.