ಓನರ್ ಬೆರಳು ತೋರಿಸಿದ ಕಂಪ್ಯೂಟರ್

ಬೇರೆಯವರು ಕಟ್ಟಿದ ಮನೆಯನ್ನು ನಮ್ಮಪ್ಪ ಈವರೆಗೆ ಕೊಂಡದ್ದಿಲ್ಲ. ಕೊಳ್ಳುವವರನ್ನು ಕಂಡರೆ ಅವರಿಗೆ ಕನಿಕರ. ಅಲ್ಲಾಳಸಂದ್ರದ ಕೆರೆ ಕಡೆ ಎದ್ದಿರುವ ಅಪಾರ್ಟ್‌ಮೆಂಟುಗಳ ಮುಂದೆ ಕಾರು ನಿಧಾನ ಮಾಡಿ, ಇದರ ಪಾಯ ಯಾರು ನೋಡಿದ್ದಾರೆ ಅಂತ ಕೇಳುತ್ತಾರೆ, ಹಿಂದಿನ ಸೀಟಿನಲ್ಲಿ ಕೂತ ನಮಗೇ ಗೊತ್ತಿರಬೇಕು ಎನ್ನುವ ಹಾಗೆ. ಇಟ್ಟಿಗೆ ಲಾರಿ ಬಂದರೆ ಎರಡು ಇಟ್ಟಿಗೆ ತೆಗೆದು ಒಂದಕ್ಕೊಂದು ತಟ್ಟಿ, ಸದ್ದು ಕೇಳಿ, ಆಮೇಲೆ ಇಳಿಸಿಕೊಳ್ಳುವ ಮನುಷ್ಯ. ಮರಳನ್ನು ಅಂಗೈಯಲ್ಲಿ ಉಜ್ಜಿ ಅದರಲ್ಲಿ ಮಣ್ಣೆಷ್ಟಿದೆ ಎಂದು ಹೇಳುವ ಮನುಷ್ಯ. ಅಂಥವರು, ಅಕ್ಕನಿಗೆ ಕಂಪ್ಯೂಟರ್ ತರುವ ಮಾತು ಬಂದಾಗ ಹೇಳಿದ್ದು ಇಷ್ಟು: "ರೆಡಿಮೇಡೇ ತಗೊಳಮ್ಮ. ಕಂಪನಿ ಸೀಲ್ ಇರ್ತದೆ."

ಯಾವ ಕಂಪನಿ, ಯಾವ ಸೀಲು, ಆ ಸೀಲಿನ ಹಿಂದೆ ಏನಿದೆ, ಒಂದನ್ನೂ ಕೇಳದೆ ಬಂದ ಮಾತು. ಇದೇ ಮಾತನ್ನು ಯಾರಾದರೂ ಕಬ್ಬಿಣದ ಬಗ್ಗೆ ಆಡಿದ್ದರೆ ಅಪ್ಪ ಅವರನ್ನು ಸೈಟಿನಿಂದ ಆಚೆ ಕಳಿಸುತ್ತಿದ್ದರು. ಒಬ್ಬನೇ ಮನುಷ್ಯ, ಕೈಯಲ್ಲಿ ಎರಡು ತಕ್ಕಡಿ. ಕಾಲೇಜಿನ ಚರ್ಚಾ ತಂಡದಲ್ಲಿ ಇಂಥದ್ದನ್ನು ಹಿಡಿಯುವುದನ್ನೇ ಕಲಿತವಳು ನಾನು. ಊಟದ ತಟ್ಟೆ ಮುಂದೆ ಇದೆ, ಬಿಟ್ಟುಬಿಡು ಎಂದರೆ ಹೇಗೆ ಬಿಡೋದು?

ಅಕ್ಕ ಆರ್ಕಿಟೆಕ್ಚರ್ ಓದಿದವಳು. ಓದು ಮುಗಿದ ಮೇಲೆ ಅಪ್ಪನ ಕಟ್ಟಡಗಳಿಗೆ ಪ್ಲ್ಯಾನು ಹಾಕುತ್ತಿದ್ದಳು, ಕಟ್ಟಿದ ಮೇಲೆ ಮುಂಭಾಗ, ಅಂದರೆ ಎಲಿವೇಷನ್, ಹೇಗೆ ಕಾಣುತ್ತದೆ ಎಂದು ಕಟ್ಟಿಸುವ ಪಾರ್ಟಿಗಳಿಗೆ ತೋರಿಸಲು ಚಿತ್ರ ಮಾಡಿಕೊಡುತ್ತಿದ್ದಳು. ಅದನ್ನು ಯಾರೂ ಕೆಲಸ ಅನ್ನುತ್ತಿರಲಿಲ್ಲ. ಮಗಳು ಮಾಡ್ಕೊಡ್ತಾಳೆ ಅನ್ನುತ್ತಿದ್ದರು, ಮಗಳು ಕಾಫಿ ಮಾಡಿಕೊಡುತ್ತಾಳೆ ಎನ್ನುವ ಅದೇ ದನಿಯಲ್ಲಿ. ಈ ಸಲ ಅವಳಿಗೆ ತನ್ನದೇ ಅಂತ ಒಂದು ಕೆಲಸ ಸಿಕ್ಕಿತ್ತು. ಯಲಹಂಕ ನ್ಯೂಟೌನಿನಲ್ಲಿ ಸೈಟಿದ್ದ ಗಂಡ ಹೆಂಡತಿ, ಅಪ್ಪನ ಪರಿಚಯವೇ ಇಲ್ಲದವರು, ತಾವು ಕಟ್ಟುವ ಮನೆಯನ್ನು ಒಳಗಿಂದಲೂ ಹೊರಗಿಂದಲೂ ತ್ರೀಡಿ ಚಿತ್ರದಲ್ಲಿ ನೋಡಬೇಕು ಎಂದಿದ್ದರು. ಗುದ್ದಲಿ ಪೂಜೆಗೆ ಮುಂಚೆ ಚಿತ್ರಗಳು ಬರಬೇಕು. ಹಿಡಿಸಿದರೆ ಇಡೀ ಮನೆಯ ಕೆಲಸ ಅಕ್ಕನಿಗೆ, ಇಲ್ಲದಿದ್ದರೆ ಇನ್ನೊಬ್ಬರಿಗೆ. ಅವಳ ಹಳೆಯ ಲ್ಯಾಪ್‌ಟಾಪಿನಲ್ಲಿ ಅದು ಆಗುವ ಮಾತಾಗಿರಲಿಲ್ಲ.

ನನ್ನ ಪಕ್ಷ ಸರಳವಾಗಿತ್ತು. ಇಂಥ ಚಿತ್ರ ಮಾಡಲು ಕಂಪ್ಯೂಟರಿನೊಳಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಕಂಪ್ಯೂಟರಿನ ಬಿಡಿಭಾಗಗಳೆಲ್ಲ ಸಿಗುವ ಎಸ್.ಪಿ. ರೋಡಿಗೆ ಹೋಗೋಣ, ಅಕ್ಕನ ಕೆಲಸಕ್ಕೆ ಏನು ಬೇಕೋ ಅದನ್ನು ಒಂದೊಂದಾಗಿ ಆರಿಸಿ ಜೋಡಿಸಿಕೊಳ್ಳೋಣ. ಬೇಡದ್ದಕ್ಕೆ ದುಡ್ಡು ಹಾಕುವುದು ಬೇಡ, ಬೇಕಾದ್ದನ್ನು ಬಿಡುವುದೂ ಬೇಡ.

ಅಪ್ಪನ ವಾದ ಕೆಟ್ಟದ್ದೇನಾಗಿರಲಿಲ್ಲ, ಅದನ್ನೂ ಹೇಳಬೇಕು. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಲು ಬರದವನು ಅದನ್ನು ಒಡೆಯಲಾರ ಎಂದು ನಮಗೆ ಕಲಿಸಿದ್ದಾರೆ. ಅಪ್ಪ ಹೇಳಿದ್ದು: ನಾಲ್ಕು ಕಡೆಯಿಂದ ತಂದು ಜೋಡಿಸಿದ ಮೇಲೆ ಕೆಟ್ಟರೆ, ನಾಲ್ವರೂ ಒಬ್ಬರ ಮೇಲೊಬ್ಬರು ಹಾಕುತ್ತಾರೆ. ಕಂಪನಿಯದಾದರೆ ಹಿಡಿಯಲು ಒಂದೇ ಜುಟ್ಟು.

"ನಿನ್ ಬಿಲ್ಡಿಂಗಿಗೆ ಇಟ್ಟಿಗೆ ಒಂದ್ ಕಡೆ, ಕಬ್ಬಿಣ ಒಂದ್ ಕಡೆ, ಬಾಗ್ಲು ಇನ್ನೊಂದ್ ಕಡೆ," ಅಂದೆ. "ಬಿರುಕು ಬಿಟ್ರೆ ಪಾರ್ಟಿ ಯಾರ್ ಜುಟ್ಟು ಹಿಡೀತಾರಪ್ಪ?"

"ನಂದು."

"ಹಂಗೇ. ಜೋಡ್ಸಿ ಕೊಟ್ಟೋನ್ ಜುಟ್ಟು ನಾವ್ ಹಿಡಿಯೋದು."

ಅಡುಗೆಮನೆಯಿಂದ ಅಮ್ಮ, "ನಿಮ್ ತಲೇಲಿ ಹಿಡಿಯೋಕೆ ಏನಿದೆ ಅಂತ," ಅಂದರು. ಅಪ್ಪನೂ ನಕ್ಕು ಬೋಳುತಲೆ ಸವರಿಕೊಂಡರು. ಗೆದ್ದೆ ಅಂದುಕೊಂಡೆ.

ಆಮೇಲೆ ಅಪ್ಪ ತಮ್ಮ ಕಡೆಯ ಎಲೆ ಎಸೆದರು. ಯಲಹಂಕದಲ್ಲಿ ನಮ್ಮದೊಂದು ಕಟ್ಟಡವಿದೆ, ಕೆಳಗೆ ಸಾಲಾಗಿ ಬಾಡಿಗೆ ಅಂಗಡಿಗಳು. ಅದರಲ್ಲೊಂದು ಕಂಪ್ಯೂಟರ್ ಅಂಗಡಿ. ನಮ್ಮ ಬಿಲ್ಡಿಂಗಿನಲ್ಲೇ ಅಂಗಡಿ ಇರುವಾಗ ಎಸ್.ಪಿ. ರೋಡಿಗೆ ಹೋದರೆ ಆ ಮನುಷ್ಯ ಏನಂದುಕೊಳ್ಳುತ್ತಾನೆ?

ಈ ಮಾತಿಗೆ ನಮ್ಮನೆಯಲ್ಲಿ ಅಪೀಲಿಲ್ಲ. ಹಳೇ ಊರಿನ, ಜಮೀನು ಹೋಗಿ ಕಟ್ಟಡ ಬಂದ ನಮ್ಮಂಥ ಮನೆಗಳಲ್ಲಿ ಇದೊಂದು ನೇಮ. ಬಾಡಿಗೆ ಕೊಡುವವನ ಹತ್ತಿರವೇ ಕೊಳ್ಳಬೇಕು, ಅದು ಮರ್ಯಾದೆ. ಕೆಳಗೆ ಬೇಕರಿ ಇದ್ದಷ್ಟು ದಿನ ನಮ್ಮನೆಯಲ್ಲಿ ಯಾರ ಹುಟ್ಟುಹಬ್ಬಕ್ಕೂ ಬೇರೆ ಕೇಕು ಬಂದಿಲ್ಲ. ಕನ್ನಡಕದ ಅಂಗಡಿ ಇದ್ದಷ್ಟು ದಿನ ನಮ್ಮೆಲ್ಲರಿಗೂ ದೃಷ್ಟಿದೋಷವಿತ್ತು. ಆ ಅಂಗಡಿ ಖಾಲಿಯಾದ ಮೇಲೆ ಚಿಕ್ಕಪ್ಪ ಕನ್ನಡಕ ತೆಗೆದಿಟ್ಟು ಈಗ ಆರಾಮಾಗಿ ಪೇಪರ್ ಓದುತ್ತಾರೆ.

ಮೂವರೂ ಅಂಗಡಿಗೆ ಹೋದೆವು. ಅಂಗಡಿಯವರು ಎದ್ದು, ತಾವು ಕೂತಿದ್ದ ಕುರ್ಚಿಯನ್ನೇ ಒರೆಸಿ ಅಪ್ಪನಿಗೆ ಕೊಟ್ಟರು, ಬಾದಾಮಿ ಹಾಲು ತರಿಸಿದರು. ಅಪ್ಪ ಕೂತು ಸುತ್ತ ನೋಡಿದರು. ಮೂಲೆಯಲ್ಲಿ ಕಪ್ಪಗೆ ಮಿರಮಿರ ಮಿಂಚುವ ದೊಡ್ಡ ಡಬ್ಬವೊಂದಿತ್ತು, ಮುಂದುಗಡೆ ನೀಲಿ ದೀಪದ ಪಟ್ಟಿ. ಅಪ್ಪ ಬೆರಳು ತೋರಿಸಿದರು. "ಅದು ಎಂಗೈತೆ?"

"ತುಂಬಾ ಚೆನ್ನಾಗಿದೆ ಸರ್."

ಅಕ್ಕ ತನ್ನ ಕೆಲಸ ಏನೆಂದು ಹೇಳತೊಡಗಿದಳು. ಅಂಗಡಿಯವರು ತಲೆಯಾಡಿಸುತ್ತಾ ಅವಳ ಮಾತು ಕೇಳಿದರು, ನೋಡಿದ್ದು ಮಾತ್ರ ಅಪ್ಪನ ಮುಖ. ನಾನು ನಡುವೆ ಬಾಯಿ ಹಾಕಿ, ಇದರಲ್ಲಿ ಗ್ರಾಫಿಕ್ಸ್ ಕಾರ್ಡ್ ಇದೆಯಾ ಎಂದು ನೇರವಾಗಿ ಕೇಳಿದೆ.

"ಎಲ್ಲಾ ಇನ್‌ಬಿಲ್ಟ್ ಮೇಡಂ."

ಈ ವಾಕ್ಯವನ್ನು ನಾನು ಇವತ್ತಿಗೂ ಮರೆತಿಲ್ಲ. ಅದರಲ್ಲಿ ಒಂದೂ ಸುಳ್ಳಿಲ್ಲ. ಪರದೆಯ ಮೇಲೆ ಅಕ್ಷರ ಮೂಡಿಸಲು, ಸಿನಿಮಾ ತೋರಿಸಲು ಸಾಕಾಗುವಷ್ಟು ಶಕ್ತಿ ಪ್ರೊಸೆಸರಿನೊಳಗೇ ಇರುತ್ತದೆ, ಅದು ಇನ್‌ಬಿಲ್ಟೇ. ಬೇರೆ ಕಾರ್ಡ್ ಇಲ್ಲ ಎನ್ನುವುದನ್ನು ಇಷ್ಟು ತುಂಬಿದ ಬಾಯಲ್ಲಿ ಹೇಳಬಹುದು ಎಂದು ನನಗೆ ಯಾವ ಚರ್ಚಾಕೂಟವೂ ಕಲಿಸಿರಲಿಲ್ಲ. ಮರುಪ್ರಶ್ನೆ ಹಾಕುವಷ್ಟರಲ್ಲಿ ಅಪ್ಪ ಎದ್ದಾಗಿತ್ತು, ಡಬ್ಬ ಕಾರಿನ ಡಿಕ್ಕಿಗೆ ಹೋಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅಮ್ಮ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿ, ಮಂಗಳಾರತಿ ಮಾಡಿದರು. ನೀಲಿ ದೀಪದ ಮೇಲೆ ಕುಂಕುಮ ಚೆನ್ನಾಗಿಯೇ ಕಾಣುತ್ತಿತ್ತು. ಅಕ್ಕ ಕೆಲಸ ಶುರುಮಾಡಿದಳು. ಗೋಡೆ ಎಬ್ಬಿಸುವವರೆಗೆ ತೊಂದರೆಯಿಲ್ಲ. ಬಿಸಿಲು ಹಾಕಿ, ಗಾಜು ಹಾಕಿ, ನೆಲಕ್ಕೆ ಹೊಳಪು ಕೊಟ್ಟು ಚಿತ್ರ ತೆಗೆ ಎಂದರೆ ಮಾತ್ರ ಡಬ್ಬ ಮಿಕ್ಸಿಯ ಹಾಗೆ ಅರಚಿಕೊಂಡು ಹಾಗೇ ನಿಂತುಬಿಡುತ್ತಿತ್ತು. ಮನೆಯ ಅರ್ಧ ಮಾತ್ರ ಬಣ್ಣದಲ್ಲಿ, ಇನ್ನರ್ಧ ಬೂದಿ. ಅಕ್ಕ ಗಾಜು ತೆಗೆದಳು, ಗಿಡಗಳನ್ನು ತೆಗೆದಳು, ಬಿಸಿಲನ್ನೂ ತೆಗೆದಳು. ಕೊನೆಗೆ ಉಳಿದದ್ದು ಯಾರೂ ಹಣ ಕೊಟ್ಟು ಕಟ್ಟಿಸಿಕೊಳ್ಳಲು ಬಯಸದಂಥ ಒಂದು ಪೆಟ್ಟಿಗೆ. ಅದನ್ನೇ ಕಳಿಸಿದಳು. ಆ ದಂಪತಿ ಮರ್ಯಾದಸ್ಥರು. ಇದು ಇನ್ನೂ ಮುಗಿದಿಲ್ಲ ಅನ್ಸುತ್ತೆ, ಪೂಜೆವರೆಗೂ ಕಾಯ್ತೀವಿ, ಆಮೇಲೆ ಆಗಲ್ಲ ಎಂದರು.

ಬಿಚ್ಚೋಣ, ಕಾರ್ಡ್ ಹಾಕಿಸೋಣ ಅಂದೆ. ಅಪ್ಪ ಒಪ್ಪಲಿಲ್ಲ. ಸೀಲ್ ಒಡೆದರೆ ಕಂಪನಿಯವರು ಮೂಸುವುದಿಲ್ಲ, ಅದು ಮೊದಲನೆಯದು. ಪೂಜೆ ಆಗಿರುವುದನ್ನು ಬಿಚ್ಚಬಾರದು, ಅದು ಎರಡನೆಯದು, ಮತ್ತು ಅಮ್ಮನೂ ಅದಕ್ಕೆ ಹೌದು ಅಂದರು.

"ಬೋರ್‌ವೆಲ್‌ಗೂ ಪೂಜೆ ಮಾಡಿದ್ವಲ್ಲ," ಅಂದೆ. "ಮೋಟ್ರು ಸುಟ್ಟಾಗ ಎತ್ತಲಿಲ್ವಾ?"

ಬಾವಿಯ ವಿಷಯದಲ್ಲಿ ಸುಳ್ಳು ಹೇಳುವ ಮನೆತನ ನಮ್ಮದಲ್ಲ. "ಎತ್ತಿದ್ವಿ," ಅಂದರು ಅಪ್ಪ. ಅಮ್ಮ ಡಬ್ಬಕ್ಕೆ ಕೈಮುಗಿದು ಹೂ ತೆಗೆದುಕೊಟ್ಟರು.

ಡಬ್ಬ ಹೊತ್ತುಕೊಂಡು ಅಂಗಡಿಗೆ ಹೋದದ್ದು ಅಕ್ಕ ಮತ್ತು ನಾನು, ಇಬ್ಬರೇ. ಅಂಗಡಿಯವರು ಬಿಚ್ಚಿ ತೋರಿಸಿದರು. ಅಷ್ಟು ದೊಡ್ಡ ಡಬ್ಬದೊಳಗೆ ಮುಕ್ಕಾಲು ಪಾಲು ಗಾಳಿ. ಕಾರ್ಡ್ ಕೂರಿಸಿದರೂ ಅದಕ್ಕೆ ಕರೆಂಟು ಕೊಡುವಷ್ಟು ತಾಕತ್ತು ಒಳಗಿನ ಪವರ್ ಸಪ್ಲೈಗೆ ಇಲ್ಲ. ಅದನ್ನು ಬದಲಿಸೋಣ ಎಂದರೆ ಕಂಪನಿಯವರು ತಮ್ಮದೇ ಅಳತೆಯಲ್ಲಿ ಮಾಡಿರುವುದರಿಂದ ಹೊರಗಿನದು ಕೂರುವುದಿಲ್ಲ. ಅಪ್ಪನ ಭಾಷೆಯಲ್ಲೇ ಹೇಳುವುದಾದರೆ, ಒಂದಂತಸ್ತಿಗೂ ಸಾಲದ ಪಾಯದ ಮೇಲೆ ಭರ್ಜರಿ ಎಲಿವೇಷನ್.

ನಾನು ಸಿಡಿದೆ. ಇದು ನಿಮಗೆ ಅವತ್ತೇ ಗೊತ್ತಿತ್ತು. ಅಕ್ಕ ತನ್ನ ಕೆಲಸ ಏನೆಂದು ಬಾಯಿಬಿಟ್ಟು ಹೇಳಿದಳು, ನಾನು ಪ್ರಶ್ನೆಯನ್ನೇ ಕೇಳಿದೆ, ನೀವು ಮಾತು ತೇಲಿಸಿದಿರಿ. ಗೊತ್ತಿದ್ದೂ ಹೇಳದೆ ಮಾರುವುದಕ್ಕೆ ಬೇರೆ ಹೆಸರಿದೆ. ಹೀಗೆ ಚೆನ್ನಾಗಿಯೇ ಬೈದೆ. ಅವರು ಸ್ಕ್ರೂಗಳನ್ನು ಒಂದು ಮುಚ್ಚಳಕ್ಕೆ ಹಾಕುತ್ತಾ ಎಲ್ಲ ಕೇಳಿಸಿಕೊಂಡರು.

"ಓನರ್ ಬೆರಳು ತೋರ್ಸಿ ಆಯ್ತು ಮೇಡಂ. ಬರೋ ತಿಂಗ್ಳು ಅಗ್ರಿಮೆಂಟ್ ಮುಗಿಯುತ್ತೆ ನಂದು. ನಾನ್ ಅದನ್ನ ಬೇಡ ಅನ್ಲಾ?"

ಈ ಮಾತಿನಿಂದ ನನ್ನ ಸಿಟ್ಟು ಕಡಿಮೆಯಾಯಿತು ಎಂದುಕೊಳ್ಳಬೇಡಿ, ಹೆಚ್ಚಾಯಿತು. ದಿಕ್ಕು ಬದಲಾಯಿತು ಅಷ್ಟೆ. ಮಾರುವವನಿಗೆ ಬಾಯಿ ಬರದ ಹಾಗೆ ಮಾಡಿ, ಅವನಿಂದ ಕೊಂಡು, ಅದನ್ನು ಮರ್ಯಾದೆ ಎಂದು ಕರೆಯುವ ನೇಮ ಎಂಥದ್ದು? ಬೇಕರಿಯ ಆ ಕೇಕುಗಳು ನಿಜಕ್ಕೂ ಚೆನ್ನಾಗಿದ್ದವೇ, ಅಥವಾ ಹಳಸಲು ಎಂದು ಹೇಳುವ ಧೈರ್ಯ ಆ ಬೇಕರಿಯವನಿಗೂ ಇರಲಿಲ್ಲವೇ? ಚಿಕ್ಕಪ್ಪನ ಕನ್ನಡಕ ನೆನಪಾಗಿ ನಗು ಬರಬೇಕಿತ್ತು. ಬರಲಿಲ್ಲ.

ಮನೆಗೆ ಬಂದು ಅಪ್ಪನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರಿಗೆ ನಿಜವಾಗಿ ನೋವಾಯಿತು. ತಾನು ಅವನಿಗೆ ಯಾವತ್ತಾದರೂ ಗದರಿದ್ದೇನಾ, ಬಾಡಿಗೆ ತಡವಾದಾಗ ಒಂದು ಮಾತಾದರೂ ಆಡಿದ್ದೇನಾ ಎಂದು ಕೇಳಿದರು. ಆಡಿಲ್ಲ, ಅದು ನಿಜ. ಗದರದಿದ್ದರೂ ಅಧಿಕಾರ ಅಧಿಕಾರವೇ ಎಂದು ನಾನು ಶುರುಮಾಡಿದೆ, ನನ್ನಲ್ಲಿ ಇನ್ನೂ ಎರಡು ಅಂಶಗಳಿದ್ದವು. ಅಷ್ಟರಲ್ಲಿ ಅಕ್ಕ ಬಾಯಿ ತೆಗೆದಳು. ಇಡೀ ಪ್ರಕರಣದಲ್ಲಿ, ಅವಳ ಕಂಪ್ಯೂಟರಿನ ಬಗ್ಗೆ, ಅವಳು ಮಾತು ಪೂರ್ತಿ ಮುಗಿಸಿದ್ದು ಅದೇ ಮೊದಲು.

"ಇಟ್ಟಿಗೆ ತಟ್ಟಿದ್ರೆ ಸದ್ದು ಮಾಡುತ್ತಪ್ಪ. ಮನುಷ್ಯರು ನಿನ್ ಮುಂದೆ ಮಾಡಲ್ಲ."

ಅಪ್ಪ ತಲೆ ಸವರಿಕೊಂಡರು. ಆಮೇಲೆ ಕಾರಿನ ಕೀ ತೆಗೆದುಕೊಂಡರು.

ಬೇರೆ ಕಂಪ್ಯೂಟರ್ ಜೋಡಿಸಿಯಾಯಿತು, ಚಿತ್ರಗಳು ಗುದ್ದಲಿ ಪೂಜೆಗೆ ಮುಂಚೆಯೇ ಹೋದವು, ಬಿಸಿಲೂ ಗಾಜೂ ಗಿಡವೂ ಎಲ್ಲ ಇದ್ದ ಚಿತ್ರಗಳು. ಆ ಮನೆ ಈಗ ಅಕ್ಕನ ಪ್ಲ್ಯಾನಿನಲ್ಲೇ ಏಳುತ್ತಿದೆ. ನೀಲಿ ದೀಪದ ಡಬ್ಬ ಅಪ್ಪನ ಆಫೀಸಿನಲ್ಲಿ ಸೈಟಿನ ಕ್ಯಾಮೆರಾ ತೋರಿಸಿಕೊಂಡು ಕೂತಿದೆ, ಕುಂಕುಮ ಇನ್ನೂ ಅಳಿಸಿಲ್ಲ. ಅಂಗಡಿಯ ಅಗ್ರಿಮೆಂಟೂ ಮುಂದುವರಿಯಿತು. ಆದರೆ ನಾನು ಹೇಳಬೇಕೆಂದಿರುವುದು ಅಪ್ಪ ಕೀ ತೆಗೆದುಕೊಂಡು ಹೊರಟ ಆ ಮಧ್ಯಾಹ್ನದ ಮಾತು.

ಅಂಗಡಿಯವರು ಮತ್ತೆ ಕುರ್ಚಿ ಒರೆಸಿದರು. ಅಪ್ಪ ಕೂರಲಿಲ್ಲ. "ನಾನ್ ಓನರ್ ಅನ್ನೋದ್ ಮರ್ತು, ಇದ್ದಿದ್ದ್ ಇದ್ದಂಗೆ ಹೇಳಪ್ಪ," ಅಂದರು.

"ಆಯ್ತು ಸರ್. ನೀವ್ ಹೇಳ್ದಂಗೆ."

ಅಕ್ಕ ತನಗೆ ಬೇಕಾದ ಕಾರ್ಡ್ ಯಾವುದೆಂದು ಹೇಳಿದಳು. ಅಂಗಡಿಯವರು ಅಪ್ಪನ ಮುಖ ನೋಡಿದರು. ಹೊರಗಿನ ಡಬ್ಬ, ಅಂದರೆ ಕ್ಯಾಬಿನೆಟ್, ಯಾವುದು ಎಂದು ಕೇಳಿದಳು. ಮತ್ತೆ ಅಪ್ಪನ ಮುಖ. ಹೀಗೇ ಸ್ವಲ್ಪ ಹೊತ್ತು ನಡೆಯಿತು. ಕೊನೆಗೆ ಅಪ್ಪ ಫೋನ್ ಬಂದವರ ಹಾಗೆ ಜೇಬು ಮುಟ್ಟಿಕೊಂಡು ಹೊರಗೆ ಹೋದರು. ಫೋನ್ ಬಂದಿರಲಿಲ್ಲ. ಸರಿ, ಇನ್ನು ನಾನು ಮಾತಾಡಬಹುದು ಎಂದು ಕೌಂಟರಿನ ಹತ್ತಿರ ಹೋದೆ.

"ನೀನೂ ಹೋಗೇ," ಅಂದಳು ಅಕ್ಕ.

ನಮ್ಮದೇ ಕಟ್ಟಡದ ಮುಂದೆ, ನಮ್ಮದೇ ಕಂಬಕ್ಕೆ ಒರಗಿ, ಅಪ್ಪ ಮತ್ತು ನಾನು ಬಿಸಿಲಿನಲ್ಲಿ ನಿಂತೆವು. ರಸ್ತೆಯ ಸದ್ದಿಗೆ ಒಳಗಿನ ಮಾತು ಒಂದೂ ಕೇಳಿಸುತ್ತಿರಲಿಲ್ಲ. ಒಂದು ನಿಜವಾದ ವಾಕ್ಯ ಹೊರಬರಲು ಇಬ್ಬರನ್ನು ಹೊರಗೆ ನಿಲ್ಲಿಸಬೇಕಾದ ಈ ಊರಿನ ಮೇಲೆ ನನಗೆ ಆಗ ಉರಿಯುತ್ತಿತ್ತು, ಈಗಲೂ ಉರಿಯುತ್ತದೆ. ಅಪ್ಪ ಗಾಜಿನ ಬಾಗಿಲಿಗೆ ಕೈ ಅಡ್ಡ ಹಿಡಿದು ಒಳಗೆ ಇಣುಕಿದರು. ಅಕ್ಕ ಮೇಲಿನ ಶೆಲ್ಫಿನಲ್ಲಿದ್ದ ಏನೋ ಒಂದರತ್ತ ಬೆರಳು ತೋರಿಸಿದಳು. ಅಂಗಡಿಯವರು ಅದನ್ನು ನೋಡಿ ಗಟ್ಟಿಯಾಗಿ ತಲೆ ಅಲ್ಲಾಡಿಸಿದರು, ಕೈಯನ್ನೂ ಆಡಿಸಿದರು.

"ಬ್ಯಾಡ ಅಂತಾವ್ನೆ ನೋಡು," ಅಂದರು ಅಪ್ಪ.