ಹೊಲಸು ಎಂದು ನಾನು ಹೇಳಿದ ಲೋಳೆ

ಗಿರಿಜಕ್ಕ, ನಿಮ್ಮನ್ನು ತುಮಕೂರಿನ ಆಸ್ಪತ್ರೆಯ ಹಾಸಿಗೆಗೆ ತಂದು ಹಾಕಿದ್ದು ಮರಳೂರಿನ ಆ ಪುಡಿ ಅಂಗಡಿಯವನಲ್ಲ. ನಾನು. ಅವನು ಪುಡಿ ಮಾರಿದ, ಅಷ್ಟೇ. ನಿಲ್ಲಿಸೋಣವೇ ಎಂದು ನಿಮಗೇ ಅನಿಸಿದಾಗ ನಿಲ್ಲಿಸಬೇಡಿ ಎಂದವಳು ನಾನು, ನಿಮ್ಮ ಮೈದುನನ ಹೆಂಡತಿ — ಗುಬ್ಬಿಯ ಕಾಲೇಜಿನಲ್ಲಿ ವರ್ಷ ವರ್ಷವೂ ಮಕ್ಕಳಿಗೆ ಕರುಳಿನ ಪಾಠ ಮಾಡುವವಳು.

ನಿಮ್ಮ ಮೇಲಿನ ನನ್ನ ಸಿಟ್ಟು ಎಲ್ಲಿ ಶುರುವಾಯಿತೆಂದು ನಿಮಗೆ ನೆನಪೂ ಇರಲಿಕ್ಕಿಲ್ಲ. ನನ್ನ ಮಗಳು ಸಿಂಚನಾಗೆ ಆಗ ಒಂದೂವರೆ ವರ್ಷ. ನಾನು ಉತ್ತರಪತ್ರಿಕೆ ತಿದ್ದಲು ತುಮಕೂರಿಗೆ ಹೋಗಬೇಕಿತ್ತು, ಮಗುವನ್ನು ಕುಣಿಗಲ್ಲಿನಲ್ಲಿ ನಿಮ್ಮ ಹತ್ತಿರ ಬಿಟ್ಟಿದ್ದೆ. ಹಲ್ಲು ಬರುವ ಕಾಲ, ಮಗುವಿಗೆ ಆಗಲೇ ಸ್ವಲ್ಪ ಭೇದಿಯಾಗುತ್ತಿತ್ತು. ನಿಮ್ಮ ಮನೆಯಲ್ಲಿ ಹರಳೆಣ್ಣೆ ಕುಡಿಸುವ ದಿನವೆಂದೇ ಒಂದಿತ್ತಲ್ಲ — ಬೇಸಿಗೆ ರಜೆ ಮುಗಿಯುವ ಮುಂಚೆ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ಬಿಸಿ ಕಾಫಿಗೆ ಎಣ್ಣೆ ಬೆರೆಸಿ, ಮೂಗು ಹಿಡಿದು ಕುಡಿಸಿ, ಮಧ್ಯಾಹ್ನ ಮೆತ್ತಗಿನ ಅನ್ನಕ್ಕೆ ಮೆಣಸಿನ ಸಾರು. ಅವತ್ತು ಸಿಂಚನಾಳನ್ನೂ ಆ ಸಾಲಿನಲ್ಲಿ ಕೂರಿಸಿದಿರಿ. ಭೇದಿಯಾಗುತ್ತಿದ್ದ ಮಗುವಿಗೆ ಮತ್ತೆ ಭೇದಿಗೆ ಕೊಟ್ಟಿರಿ, ನೀರು ಕೊಟ್ಟರೆ ಇನ್ನೂ ಜಾಸ್ತಿಯಾಗುತ್ತದೆಂದು ಅದನ್ನೂ ಕೊಡಲಿಲ್ಲ. ಸಂಜೆ ನಾನು ಬರುವಷ್ಟರಲ್ಲಿ ಮಗುವಿನ ಕಣ್ಣು ಗುಳಿಬಿದ್ದಿತ್ತು. ಅಳುತ್ತಿತ್ತು, ಕಣ್ಣೀರು ಬರುತ್ತಿರಲಿಲ್ಲ.

ಮಗು ಉಳಿಯಿತು. ಗ್ಲೂಕೋಸ್ ಹಾಕಿಸಿ ಉಳಿಸಿಕೊಂಡೆವು. ಆದರೆ ಆಸ್ಪತ್ರೆಯ ಮೆಟ್ಟಿಲ ಮೇಲೆ, ನೆಂಟರೆಲ್ಲ ನಿಂತಿದ್ದಾಗ, ನೀವು ಆಡಿದ ಮಾತು —

"ಡಬ್ಬದ ಹಾಲು ಹಾಕಿ ಹೊಟ್ಟೆಯೆಲ್ಲ ಹೊಲಸು ಮಾಡಿದೋಳು ಇವ್ಳು. ನಾನು ತೊಳ್ದೆ ಅಷ್ಟೆ. ಓದಿ ಏನ್ ಬಂತು, ಒಂದು ಮಗೀನ ಸಾಕಾಕೆ ಬರಲ್ಲ."

ನನ್ನ ಗಂಡ ಪಕ್ಕದಲ್ಲೇ ನಿಂತಿದ್ದವರು ಔಷಧಿ ಚೀಟಿ ಹಿಡಿದು ಮೆಟ್ಟಿಲಿಳಿದು ಹೋದರು. ಅಲ್ಲಿಂದಾಚೆಗೆ ಯಾರ ಮನೆಯ ನಾಮಕರಣವಿರಲಿ, ಗೃಹಪ್ರವೇಶವಿರಲಿ, ನಾನು ಮಗಳಿಗೆ ತುತ್ತು ಕಲಸಿದರೆ ಸಾಕು, ನೀವು ತಟ್ಟೆ ಕಿತ್ತುಕೊಳ್ಳುತ್ತಿದ್ದಿರಿ. "ಬುಡು, ನಾನ್ ತಿನ್ನಿಸ್ತೀನಿ. ನಿಂಗ್ ಗೊತ್ತಾಗಲ್ಲ." ಅವಳೂ ನಿಮ್ಮ ಕೈತುತ್ತಿಗೇ ಬಾಯಿ ತೆರೆಯುತ್ತಿದ್ದಳು, ದೊಡ್ಡಮ್ಮ ದೊಡ್ಡಮ್ಮ ಎಂದು ನಿಮ್ಮ ಸೆರಗನ್ನೇ ಹಿಡಿಯುತ್ತಿದ್ದಳು. ನಾನು ನಗುನಗುತ್ತಲೇ ಇರುತ್ತಿದ್ದೆ. ಒಳಗೊಳಗೇ — ಇರಲಿ, ಆಡಿಸಿ, ನನಗೂ ಒಂದು ಕಾಲ ಬರುತ್ತದೆ ಎಂದುಕೊಳ್ಳುತ್ತಿದ್ದೆ.

ಬಂತು. ಸಿಂಚನಾ ಹೈಸ್ಕೂಲು ಮುಗಿಸುವ ಹೊತ್ತಿಗೆ ನಿಮಗೆ ಹೊಟ್ಟೆಯುಬ್ಬರ ಶುರುವಾಯಿತು. ಯಾರೋ ಹೇಳಿದರೆಂದು ಮರಳೂರಿನ ಆ ಅಂಗಡಿಗೆ ಹೋಗಿ, ಅವನ ಮೊಬೈಲಿನ ವಿಡಿಯೋ ನೋಡಿ ಹೆದರಿಕೊಂಡು ನನಗೆ ಫೋನು ಮಾಡಿದಿರಿ.

"ನನ್ನ ಕರುಳು ಸೋರ್ತಾ ಇದ್ಯಂತೆ ಕಣೇ. ತೂತು ಬಿದ್ದು ವಿಷ ಎಲ್ಲಾ ರಕ್ತಕ್ಕೆ ಹೋಗ್ತದಂತೆ. ತಿಂದಿದ್ ಮುದ್ದೆ ಗೋಡೆಗ್ ಅಂಟ್ಕಂಡು ವರ್ಷಗಟ್ಲೆ ಅಲ್ಲೇ ಕೂತಿರ್ತದಂತೆ. ಈ ಪುಡಿ ತಗಂಡ್ರೆ ತೊಳ್ಕೊಂಡ್ ಬರ್ತದಂತೆ. ನೀನು ಓದ್ದೋಳು, ಹೌದಾ ಹೇಳು."

ಮೊದಲ ಸಲ ನನ್ನ ಓದು ನಿಮಗೆ ಬೇಕಾಯಿತು.

ನಾನು ಹೇಳಬೇಕಿದ್ದದ್ದು ಇಷ್ಟು. ಕರುಳು ಬಚ್ಚಲ ಪೈಪಲ್ಲ ಅಕ್ಕ, ತಿಂದದ್ದು ಅಂಟಿಕೊಂಡು ಕೂರಲು. ಅದರ ಒಳಪದರ ಒಂದೇ ಒಂದು ಜೀವಕೋಶದಷ್ಟು ದಪ್ಪ. ಕೋಶಗಳು ಹೊಲಿಗೆ ಹಾಕಿದಂತೆ ಒಂದಕ್ಕೊಂದು ಬಿಗಿಯಾಗಿ ಸೇರಿರುತ್ತವೆ. ಆ ಹೊಲಿಗೆ ಬೇಕೆಂದಾಗ ಸ್ವಲ್ಪ ಸಡಿಲವಾಗುತ್ತದೆ, ಮತ್ತೆ ಬಿಗಿಯಾಗುತ್ತದೆ — ನೀರು, ಉಪ್ಪು ದಾಟಬೇಕಲ್ಲ — ಅದು ತೂತಲ್ಲ. ಕೆಲವು ಕಾಯಿಲೆಗಳಲ್ಲಿ ಆ ಬಿಗಿ ತಪ್ಪುವುದು ನಿಜ. ಆದರೆ ಹೊಟ್ಟೆ ಉಬ್ಬರಿಸಿದ್ದಕ್ಕೆಲ್ಲ ಅದೇ ಕಾರಣವಲ್ಲ, ವಿಡಿಯೋ ತೋರಿಸಿ ಅದನ್ನು ಪತ್ತೆಹಚ್ಚಲಾಗದು, ಭೇದಿಪುಡಿ ಕೊಟ್ಟು ಸರಿಮಾಡಲೂ ಆಗದು. ಆ ಪದರದ ಮೇಲೆ ಲೋಳೆಯ ಹೊದಿಕೆಯಿರುತ್ತದೆ. ಕ್ರಿಮಿಗಳನ್ನು ದೂರವಿಡುವ ಕಾವಲು ಅದೇ. ಸವೆದ ಕೋಶಗಳು ಕೆಲವೇ ದಿನಗಳಲ್ಲಿ ಉದುರಿ ಹೊಸವು ಬರುತ್ತವೆ, ಯಾರೂ ತೊಳೆಯಬೇಕಿಲ್ಲ. ಇನ್ನು ರಾಗಿಮುದ್ದೆ, ಸೊಪ್ಪು, ಕಾಳು — ಅವುಗಳ ನಾರನ್ನು ತಿಂದು ಬದುಕುವ ಒಳ್ಳೆಯ ಕ್ರಿಮಿಗಳೇ ಆ ಪದರಕ್ಕೆ ಆಹಾರ ಒದಗಿಸುವುದು. ಇದನ್ನೆಲ್ಲ ನಾನು ಬೋರ್ಡಿನ ಮೇಲೆ ಚಿತ್ರ ಬರೆದು, ಹಿಂದಿನ ಬೆಂಚಿನವರಿಗೂ ಅರ್ಥವಾಗುವ ಹಾಗೆ ಹೇಳುತ್ತೇನೆ.

ನಿಮಗೆ ಹೇಳಿದ್ದು — "ಹೌದಕ್ಕ. ತಗೊಳ್ಳಿ."

ಸ್ವಲ್ಪ ದಿನಕ್ಕೆ ಮತ್ತೆ ಫೋನು. ದನಿಯಲ್ಲಿ ಸಂತೋಷ ತುಂಬಿತ್ತು. "ಅಂಟಂಟಾಗಿ ಬಂತು ಕಣೇ, ಬರೀ ಲೋಳೆ. ಎಷ್ಟ್ ಹೊಲಸಿತ್ತು ನೋಡು ಒಳ್ಗೆ."

ಅದು ಹೊಲಸಲ್ಲ. ಪುಡಿಯ ಉರಿ ತಾಳಲಾರದೆ ನಿಮ್ಮ ಕರುಳು ತನ್ನನ್ನು ಕಾಪಾಡಿಕೊಳ್ಳಲು ಸುರಿಸುತ್ತಿದ್ದ ಲೋಳೆ, ನಿಮ್ಮ ಕಾವಲು. ಗೊತ್ತಿದ್ದೂ ಗೊತ್ತಿದ್ದೂ ಅಂದೆ, "ಹೊಲಸೇ ಅಕ್ಕ. ಪೂರ್ತಿ ಹೋಗೋ ತನಕ ನಿಲ್ಲಿಸ್ಬೇಡಿ." ಫೋನಿಟ್ಟ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಮೆಟ್ಟಿಲ ಮೇಲೆ ನೀವು ನನ್ನ ಮುಖಕ್ಕೆ ಎಸೆದ ಮಾತನ್ನು ನಿಮ್ಮ ಹೊಟ್ಟೆಗೇ ವಾಪಸು ಕೊಟ್ಟಿದ್ದೆ. ಸುಳ್ಳೇಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು. ಅವತ್ತು ಊಟ ರುಚಿಸಿತು.

ಮುದ್ದೆ ಬಿಟ್ಟಿರಿ, ಮೊಸರು ಬಿಟ್ಟಿರಿ. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಒಂದು ದಿನ ಕೇಳಿದಿರಿ, "ಕಾಲು ಸೆಡೆತದೆ, ಎದೆ ಡವಡವ ಅಂತದೆ. ನಿಲ್ಲಿಸ್ಬಿಡ್ಲಾ?" ಮೈಯಲ್ಲಿನ ಲವಣಗಳು ಬಸಿದುಹೋಗುತ್ತಿವೆ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಅಲ್ಲಿಗಾದರೂ ನಾನು — ಇಲ್ಲ. "ವಿಷ ಹೋಗುವಾಗ ಹಾಗೇ ಅಕ್ಕ" ಎಂದೆ.

ಸಿಂಚನಾಳ ಹುಟ್ಟುಹಬ್ಬಕ್ಕೆ ಗುಬ್ಬಿಗೆ ಬಂದಿರಿ. ಅಷ್ಟು ದೊಡ್ಡ ಹುಡುಗಿಗೆ ಅವತ್ತೂ ತುತ್ತು ಕಲಸಲು ಕೂತಿರಿ, ಕಲಸುತ್ತ ಕಲಸುತ್ತಲೇ ತಟ್ಟೆ ಸಮೇತ ಪಕ್ಕಕ್ಕೆ ವಾಲಿದಿರಿ. ಅನ್ನವೆಲ್ಲ ನೆಲದ ಮೇಲೆ. ಮಗಳು ದೊಡ್ಡಮ್ಮ ಎಂದು ಕೂಗಿದ ಕೂಗು ನನ್ನ ಕಿವಿಯಲ್ಲೇ ಉಳಿದಿದೆ.

ಪೊಟ್ಯಾಸಿಯಂ ತೀರಾ ಇಳಿದಿದೆ, ಎದೆಬಡಿತ ತಪ್ಪುತ್ತಿದೆ, ಕಿಡ್ನಿಗೂ ಏಟು ಬಿದ್ದಿದೆ ಎಂದರು ಡಾಕ್ಟರು. ಈ ಪುಡಿ ಯಾರು ತಗೊಳ್ಳಲು ಹೇಳಿದ್ದು ಎಂದು ಕೇಳಿದರು. ಭಾವ ನನ್ನ ಕಡೆ ತಿರುಗಿ, ನಿಮ್ಮನ್ನು ಕೇಳಿದರು. "ಇವ್ಳನ್ನೂ ಕೇಳ್ದೆ ಅಂದಿದ್ದೆ ಅಲ್ವಾ ನೀನು?" ನೀವು ಮಲಗಿದ್ದಲ್ಲಿಂದಲೇ, ಮಾತು ಹೊರಡದ ಸ್ಥಿತಿಯಲ್ಲೂ, ಅಂದಿರಿ —

"ಅವ್ಳನ್ ಯಾಕ್ ಅಂತೀರಿ. ಪಾಪ, ಅವ್ಳಿಗೇನ್ ಗೊತ್ತು. ಗೊತ್ತಿದ್ರೆ ಬ್ಯಾಡ ಅಂತಿರ್ಲಿಲ್ವಾ?"

ನಾನು ಹೌದೆಂದು ತಲೆಯಾಡಿಸಿದೆ. ಆಗಲೂ.

ನಿಮ್ಮ ಕಿಡ್ನಿ ಪೂರ್ತಿ ಸರಿಹೋಗಲೇ ಇಲ್ಲ. ಹಿತ್ತಲಲ್ಲಿ ತೆಂಗಿನ ಮರಗಳಿದ್ದರೂ ಎಳನೀರು ಕುಡಿಯುವಂತಿಲ್ಲ, ಅದರಲ್ಲಿನ ಪೊಟ್ಯಾಸಿಯಂ ಹೊರಹಾಕುವ ಶಕ್ತಿ ಈಗ ಆ ಕಿಡ್ನಿಗಿಲ್ಲ. ಹೋದಾಗಲೆಲ್ಲ ನನಗೆ ಕೆತ್ತಿ ಕೊಡಿಸುತ್ತೀರಿ, ನೀವು ನೋಡುತ್ತ ಕೂರುತ್ತೀರಿ. ಕುಡಿಯುತ್ತೇನೆ.

ಸಿಟ್ಟು ಹೋಯಿತೇ ಎಂದರೆ, ಹೋಗಿಲ್ಲ. ಆ ಮೆಟ್ಟಿಲು ನೆನಪಾದರೆ ಈಗಲೂ ಮೈ ಉರಿಯುತ್ತದೆ. ನೀವು ಒಮ್ಮೆಯೂ ನನ್ನದು ತಪ್ಪಾಯಿತು ಎನ್ನಲಿಲ್ಲ. ಆದರೆ ನಿಮ್ಮ ಅವ್ವ ನಿಮಗೆ ಕುಡಿಸಿದ ಎಣ್ಣೆಯನ್ನೇ ನೀವು ಮಗುವಿಗೆ ಕುಡಿಸಿದಿರಿ, ಒಳ್ಳೆಯದಾಗಲೆಂದೇ ಕುಡಿಸಿದಿರಿ. ನಾನು ಏನಾಗುತ್ತದೆಂದು ತಿಳಿದು, ಆಗಲಿ ಎಂದೇ ಕುಡಿಸಿದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ಎಷ್ಟೋ ಸಲ ನೋಡಿದೆ, ಆಗಲಿಲ್ಲ.

ಭಾನುವಾರ ಕುಣಿಗಲ್ಲಿಗೆ ಬರುತ್ತೇನೆ, ಸಿಂಚನಾಳನ್ನೂ ಕರೆದುಕೊಂಡು. ಇದನ್ನೆಲ್ಲ ಭಾವನ ಎದುರು, ಅವಳ ಎದುರು, ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ಅವಳು ಯಾರ ಕೈತುತ್ತು ತಿನ್ನುತ್ತಾಳೋ ತಿನ್ನಲಿ. ಗೊತ್ತಿದ್ದರೆ ಬೇಡ ಅನ್ನುತ್ತಿದ್ದಳು ಎಂದಿರಲ್ಲ ಅಕ್ಕ, ಗೊತ್ತಿತ್ತು. ಅದಕ್ಕೇ ಹೌದು ಅಂದೆ.