ಅಕ್ಕನ ಮುಖದ ಮೇಲಿನ ಬಿಸಿಲು

ಮೈಸೂರಿನಲ್ಲಿ ಚಿತ್ರಕಲೆ ಓದಲು ಸೇರಿ ಎರಡು ವರ್ಷವಾಗುವಷ್ಟರಲ್ಲಿ ನನಗೆ ಕೊಂಬು ಬಂದಿತ್ತು. ಇಂಪ್ರೆಶನಿಸಂ ಎಂಬ ಪದ ಬೇರೆ ಬಾಯಿಗೆ ಹತ್ತಿತ್ತು. ಕಣ್ಣು ಮೂಗು ತಿದ್ದುವುದು ಬೋರ್ಡು ಬರೆಯುವವರ ಕೆಲಸ, ಕಲಾವಿದನಾದವನು ಬೆಳಕನ್ನು ಬರೆಯಬೇಕು ಎಂದು ಪಾಂಡವಪುರದ ನಮ್ಮ ಮನೆಗೆ ಬಂದವರಿಗೆಲ್ಲ ಕೊರೆಯುತ್ತಿದ್ದೆ. ಆ ರಜೆಯಲ್ಲಿ ನನ್ನ ಕೈಗೆ ಸಿಕ್ಕಿಬಿದ್ದವಳು ಅಕ್ಕ.

ಹಿತ್ತಲ ಹೊಂಗೆಮರದ ಕೆಳಗೆ ಅವಳನ್ನು ಕೂರಿಸಿದೆ. ಎಳೆಬಿಸಿಲು ಎಲೆಗಳ ಸಂದಿಯಿಂದ ಇಳಿದು ಅವಳ ಕಪ್ಪು ಕೆನ್ನೆ, ಕತ್ತು, ತೋಳಿನ ಮೇಲೆಲ್ಲ ಚುಕ್ಕೆಚುಕ್ಕೆಯಾಗಿ ಬಿದ್ದಿತ್ತು. ಆಹಾ! ಬಿಳಿಗೆ ಒಂಚೂರು ಹಳದಿ ಬೆರೆಸಿ ದಪ್ಪ ಕುಂಚದಲ್ಲಿ ಪಟಪಟನೆ ಒತ್ತಿದೆ. ನಾಲ್ಕು ಬೆಳಗು ಕೂತು ಸೊಂಟ ಹಿಡಿಸಿಕೊಂಡ ಅಕ್ಕ ಚಿತ್ರ ನೋಡಿ, "ಥೂ, ಸುಣ್ಣ ಎರಚ್ದಂಗೈತೆ ಕಣ್ಲಾ," ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಅದೇ ವಾರ ನಾಗಮಂಗಲದ ಕಡೆಯ ಗಂಡಿನವರು ಅಕ್ಕನ ಫೋಟೊ ಕೇಳಿ ಕಳಿಸಿದರು. ಆಗಲೇ ಮೂರು ಸಂಬಂಧ ಹುಡುಗಿ ಕಪ್ಪೆಂದು ತಪ್ಪಿಹೋಗಿ ಅಪ್ಪ ಕಂಗಾಲಾಗಿದ್ದ. ಸ್ಟುಡಿಯೋದಲ್ಲಿ ತೆಗೆಸಿದ್ದ ಒಂದೇ ಫೋಟೊದಲ್ಲಿ ಅಕ್ಕ ಕಣ್ಣು ಮುಚ್ಚಿದ್ದಳು. ನಾನಿರುವಾಗ ಫೋಟೊ ಏಕೆ ಎಂದು ಚಿತ್ರವನ್ನೇ ಪೇಪರಿನಲ್ಲಿ ಸುತ್ತಿ, ಸಂಬಂಧ ತಂದಿದ್ದ ಮಾವನ ಕೈಗೆ ಕೊಟ್ಟೆ. ಭಾನುವಾರವೇ ಹೆಣ್ಣು ನೋಡಲು ಬರುತ್ತೇವೆಂದು ಉತ್ತರ ಬಂತು. ಆಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ.

ಬಂದವರು ಗಂಡು ಮತ್ತು ಅವರ ತಾಯಿ. ತಾಯಿ ಕಾಫಿ ಮುಟ್ಟದೆ ಅಕ್ಕನನ್ನು ಕಿಟಕಿಯ ಹತ್ತಿರ ನಿಲ್ಲಿಸಿಕೊಂಡರು. ಕತ್ತು ನೋಡಿದರು, ಮೊಣಕೈ ತಿರುಗಿಸಿ ನೋಡಿದರು, ಕೊನೆಗೆ ಸೆರಗಿನ ತುದಿಯನ್ನು ನೀರಿಗೆ ಅದ್ದಿ ಕೆನ್ನೆ ಉಜ್ಜಿಯೇಬಿಟ್ಟರು.

"ಏನುಡುಕ್ತಿದ್ದೀರಕ್ಕಾ?" ಎಂದು ಕೇಳಿದಳು ನಮ್ಮವ್ವ.

"ತೊನ್ನು ಎಲ್ಲವ್ವಾ? ಪಟದಲ್ಲಿ ಮಕದ್ ತುಂಬಾ ಇತ್ತಲ್ಲಾ!"

ಎಲ್ಲರೂ ನನ್ನ ಕಡೆ ತಿರುಗಿದರು. "ಅದು ತೊನ್ನಲ್ಲ, ಬಿಸಿಲು," ಎಂದು ತೊದಲಿದೆ.

"ಬಿಸ್ಲಾ? ನಿನ್ ಕೈ ಸೇದೋಗ!" ಎಂದಳು ಅವ್ವ.

ತೊನ್ನಿಲ್ಲವೆಂದು ತಿಳಿದ ಮೇಲೆ ಅವರು ಹಿಗ್ಗಬೇಕಿತ್ತು. ತಾಯಿ ಮಂಕಾಗಿ ಕೂತುಬಿಟ್ಟರು. ಗಂಡು ತಮ್ಮ ತುಂಬುತೋಳಿನ ಅಂಗಿಯ ಗುಂಡಿ ಬಿಚ್ಚಿ ತೋಳು ಮಡಚಿದರು. ಮಣಿಕಟ್ಟಿನಿಂದ ಮೊಣಕೈವರೆಗೆ ಬೆಳ್ಳಗಿತ್ತು.

"ನಂಗೈತೆ. ನಿಮ್ ಹುಡ್ಗೀಗೂ ಇರೋದ್ರಿಂದ ನನ್ನ ಬ್ಯಾಡ ಅನ್ನಕಿಲ್ಲ ಅಂತ ಬಂದ್ಬುಟ್ವಿ. ತಪ್ಪು ತಿಳ್ಕಬ್ಯಾಡಿ," ಎಂದು ಎದ್ದು ನಿಂತರು. ನಾಚಿಕೆಯಿಂದ ನನಗೆ ಮುಖವೆತ್ತಲಾಗಲಿಲ್ಲ.

"ನೋಯ್ತದಾ?" ಎಂದು ಕೇಳಿದಳು ಅಕ್ಕ.

"ಇಲ್ಲ."

"ಮತ್ಯಾಕೆ ಎದ್ರಿ? ಕೂತ್ಕಳಿ, ಕಾಪಿ ಆರೋಯ್ತದೆ."

ಅಪ್ಪ ಅವಳನ್ನು ಅಡುಗೆಮನೆಗೆ ಕರೆದು, "ಯೋಚ್ನೆ ಮಾಡವ್ವ, ಬಲವಂತ ಇಲ್ಲ," ಎಂದ.

"ಮಾಡಿದೀನಿ ಕಣಪ್ಪ," ಎಂದಳು ಅಕ್ಕ. "ಇವ್ನ್ ಬರೆದಿರೋ ಆ ಪಟ ನೋಡಿದ್ ಮೇಲೂ ಬಂದವ್ರಲ್ಲ, ಇನ್ನೆಂಥೋರು ಬೇಕು ನಂಗೆ?"